ಆಡಿಯೋ ಫೋಲ್ಡರು ಖಾಲಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿಬಿಟ್ಟರೆ ಮನುಷ್ಯನ ಅರ್ಧ ಆಯುಷ್ಯ ಉಳಿಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಹೇಳುವುದಕ್ಕೆ ಮಾತ್ರ ಬಾಯಿ ಬರುವುದಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿ, ಮದುವೆ ಮನೆಗಳಲ್ಲಿ ವಿಡಿಯೋದವರ ಲೈಟು ಹಿಡಿದು, ಕೊನೆಗೆ ತಿ. ನರಸೀಪುರದಲ್ಲಿ ಸ್ವಂತ ಕ್ಯಾಮೆರಾ ಹೆಗಲಿಗೇರಿಸಿದವನು ನಾನು. ಕೂರಿಸಿಕೊಂಡು ಹೇಳಿಕೊಟ್ಟವರು ಯಾರೂ ಇಲ್ಲ. ಹೀಗಾಗಿ ಯಾರನ್ನೂ ಏನನ್ನೂ ಕೇಳದಿರುವುದು ಅಭ್ಯಾಸವಾಗಿಬಿಟ್ಟಿದೆ, ದಾರಿಯನ್ನೂ ಸಹ. ಒಮ್ಮೆ ನಂಜನಗೂಡಿನಲ್ಲಿ ಹೀಗೇ ಕೇಳದೆ ಯಾವುದೋ ಛತ್ರಕ್ಕೆ ನುಗ್ಗಿ, ಕಂಕಣ ಕಟ್ಟುವುದರಿಂದ ಹಿಡಿದು ಧಾರೆಯವರೆಗೆ ಯಾರದೋ ಮದುವೆಯನ್ನು ಶ್ರದ್ಧೆಯಿಂದ ತೆಗೆದಿದ್ದೇನೆ. ಗಂಡಿನ ತಂದೆ ಹತ್ತಿರ ಬಂದು, "ಬಾಳ ಚೆನ್ನಾಗಿ ತೆಗೀತಾ ಇದ್ದೀರಿ ಸಾ, ತಾವು ಯಾವ ಕಡೆಯವ್ರು?" ಎಂದಾಗಲೇ ಛತ್ರ ತಪ್ಪಿದ್ದು ಗೊತ್ತಾಗಿದ್ದು. ಆಗಲೂ ಸೋಲೊಪ್ಪಲಿಲ್ಲ. "ಹೆಣ್ಣಿನ ಕಡೆ" ಎಂದು ಹೇಳಿ, ಊಟ ಮುಗಿಸಿಕೊಂಡೇ ಹೊರಟೆ.

ಇಂಥ ನನ್ನ ಅಂಗಡಿಗೆ ಒಂದು ಸೋಮವಾರ ಸೋಸಲೆಯ ಜಯಮ್ಮ ಬಂದಳು. ಮೂರು ನಾಲ್ಕು ವರ್ಷದ ಹಿಂದೆ ಅವಳ ಮದುವೆಗೆ ವಿಡಿಯೋ ತೆಗೆದವನು ನಾನೇ. ಆಗ ನನ್ನ ಬಳಿ ಕಂಪ್ಯೂಟರ್ ಇರಲಿಲ್ಲ. ಕ್ಯಾಮೆರಾದ ಕ್ಯಾಸೆಟ್ಟನ್ನು ಡಿವಿಡಿ ರೆಕಾರ್ಡರಿಗೆ ಜೋಡಿಸಿ, ಇದ್ದದ್ದನ್ನು ಇದ್ದ ಹಾಗೆ ಡಿಸ್ಕಿಗೆ ಇಳಿಸಿ ಕೊಡುತ್ತಿದ್ದೆ. ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ವಾರ ಇನ್ನೊಂದು ಮದುವೆ. ಆದ್ದರಿಂದ ಜಯಮ್ಮನ ಕೈಯಲ್ಲಿದ್ದ ಡಿಸ್ಕು ಬಿಟ್ಟರೆ ಅವಳ ಮದುವೆಗೆ ಬೇರೆ ಗುರುತು ಇರಲಿಲ್ಲ.

"ಅಣ್ಣಾ, ಬರೋ ಭಾನುವಾರ ನನ್ ತಂಗಿ ಮದ್ವೆ" ಎಂದಳು. "ಅವ್ವಂಗೆ ಲಕ್ವ ಹೊಡೆದು ಮಾತು ನಿಂತೋಗದೆ. ಊರಲ್ಲಿ ಯಾರ ಮದ್ವೆ ಆದ್ರೂ ಸೋಬಾನೆ ಪದ ಏಳ್ತಿದ್ದೋರು ಅವ್ರೇ. ನನ್ ಮದ್ವೇಲಿ ಏಳಿದ್ದು ಈ ಡಿಸ್ಕಲ್ಲಿ ಅದೆ. ಮನೆ ಟಿವೀಲಿ ನಿಂತ್ ನಿಂತ್ ಬತ್ತದೆ. ಆ ಒಂದು ಪದ ಬ್ಯಾರೆ ಮಾಡ್ಕೊಡಣ್ಣ, ತಂಗಿಗೆ ಅರಿಶಿನ ಹಚ್ಚೋವಾಗ ಮೈಕಲ್ಲಿ ಹಾಕ್ತೀವಿ."

"ಅದೇನ್ ಮಹಾ! ನಾಳೆ ಬಾ" ಎಂದುಬಿಟ್ಟೆ.

ಹೊಸದಾಗಿ ಕೊಂಡ ಕಂಪ್ಯೂಟರಿನೊಳಗೆ ಡಿಸ್ಕು ಹಾಕಿದೆ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 'ಇಂಪೋರ್ಟ್' ಎಂಬ ಗುಂಡಿಯಿದೆ. ನಮ್ಮ ಕಾಲದಲ್ಲಿ ಇಂಪೋರ್ಟೆಡ್ ಎಂದರೆ ದುಬೈನಿಂದ ಬಂದ ವಾಚು, ಸೆಂಟು. ಇಲ್ಲಿ ಸೋಸಲೆಯ ಮದುವೆಯನ್ನು ನರಸೀಪುರಕ್ಕೆ ತರುವುದೂ ಇಂಪೋರ್ಟೇ. ಇರಲಿ, ಒತ್ತಿದೆ. ಡಿಸ್ಕಿನೊಳಗೆ ಎರಡು ಫೋಲ್ಡರು ಕಂಡವು. ಒಂದರ ಹೆಸರಿನಲ್ಲಿ ವಿಡಿಯೋ, ಇನ್ನೊಂದರಲ್ಲಿ ಆಡಿಯೋ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವನಿಗೆ ಇನ್ನೇನು ಬೇಕು? ವಿಡಿಯೋದಲ್ಲಿದ್ದ ಫೈಲನ್ನು ತಂದೆ. ಚಿತ್ರ ಬಂತು, ಧ್ವನಿ ಇಲ್ಲ. ಜಯಮ್ಮನ ಅವ್ವ ಬಾಯಿ ಅಗಲಿಸಿ ಹಾಡುತ್ತಿದ್ದಾರೆ, ಉಸಿರಿಲ್ಲ. ಸರಿ, ಧ್ವನಿ ಪಕ್ಕದ ಮನೆಯಲ್ಲಿದೆ ಎಂದುಕೊಂಡು ಆಡಿಯೋ ಫೋಲ್ಡರು ತೆಗೆದೆ. ಖಾಲಿ. ಮುಚ್ಚಿ ತೆಗೆದೆ. ಖಾಲಿ. ಡಿಸ್ಕನ್ನು ಪಂಚೆಯಲ್ಲಿ ಒರೆಸಿ, ಕಂಪ್ಯೂಟರ್ ಆರಿಸಿ ಹಚ್ಚಿ ನೋಡಿದೆ. ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ.

ಮನೆಗೆ ಒಯ್ದು ಟಿವಿಯಲ್ಲಿ ಹಾಕಿದರೆ ಅವ್ವ ಚೆನ್ನಾಗಿಯೇ ಹಾಡಿದರು! ಟಿವಿಯ ಮುಂದೆ ಕ್ಯಾಮೆರಾ ಇಟ್ಟು ಧ್ವನಿ ಹಿಡಿಯಲು ಕೂತೆ. ಸೋಬಾನೆ ಪದದ ಜೊತೆಗೆ ಕುಕ್ಕರಿನ ಮೂರು ಕೂಗೂ, "ಏನ್ರೀ, ಮೊಸರು ತತ್ತೀನಿ ಅಂದೋರು ಟಿವಿ ಮುಂದೆ ತಪಸ್ಸು ಕೂತಿದ್ದೀರಲ್ಲ" ಎಂಬ ನನ್ನಾಕೆಯ ಪಲ್ಲವಿಯೂ ಸ್ಪಷ್ಟವಾಗಿ ದಾಖಲಾದವು.

ಮರುದಿನ ಬಂದ ಜಯಮ್ಮನಿಗೆ ಗಂಭೀರವಾಗಿ ಹೇಳಿದೆ: "ನೋಡಮ್ಮ, ಈ ಡಿಸ್ಕಲ್ಲಿ ಆಡಿಯೋ ಫೋಲ್ಡರೇ ಖಾಲಿ. ಡಿಸ್ಕ್ ಮಾಡಿದೋರ ತಪ್ಪು."

"ಮೊನ್ನೆಗಂಟ ಇತ್ತಲ್ಲಣ್ಣ, ನಿನ್ ಅಂಗಡಿಗೆ ಬಂದ್ಮೇಲೆ ಎಲ್ಲಿಗೋಯ್ತು?" ಎಂದಳು. ಆಮೇಲೆ ಸೆರಗಿನ ತುದಿ ತಿರುಚುತ್ತಾ, "ಅವ್ವಂಗೆ ಏನಂತ ಏಳ್ಲಿ? ಸಿಕ್ತಾ ಸಿಕ್ತಾ ಅಂತ ದಿನಾ ಸನ್ನೆ ಮಾಡಿ ಕೇಳ್ತರೆ" ಎಂದಳು.

ಆ ಸನ್ನೆ ನನ್ನನ್ನು ನಂಜನಗೂಡಿನ ಬಸ್ಸು ಹತ್ತಿಸಿತು. ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಪ್ರೇಮಾ ಮೇಡಂ ಇದ್ದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಬಾಗಿಲ ಮುಂದೆ ಎರಡು ಸಲ ಹಾದುಹೋಗಿ, ಮೂರನೇ ಸಲ ಒಳಗೆ ಹೋದೆ. "ನನ್ನ ಸ್ನೇಹಿತರೊಬ್ಬರಿಗೆ ಒಂದು ತೊಂದರೆ ಮೇಡಂ" ಎಂದು ಶುರುಮಾಡಿದೆ.

ಪೂರ್ತಿ ಕೇಳಿ ಮೇಡಂ ನಕ್ಕರು. "ನಿಮ್ಮ ಸ್ನೇಹಿತರಿಗೆ ಹೇಳಿ ಸರ್, ಆ ಆಡಿಯೋ ಫೋಲ್ಡರು ಇಂಥ ಎಲ್ಲಾ ಡಿವಿಡೀಲೂ ಖಾಲೀನೇ ಇರೋದು. ಧ್ವನಿ ವಿಡಿಯೋ ಫೈಲೊಳಗೇ ಸೇರ್ಕೊಂಡಿರುತ್ತೆ. ಸಾರಿಗೆ ಉಪ್ಪು ಹಾಕಿ ಆದ್ಮೇಲೆ ಉಪ್ಪು ಎಲ್ಲಿ ಅಂತ ಇನ್ನೊಂದು ಪಾತ್ರೇಲಿ ಹುಡುಕಿದ್ರೆ ಸಿಗುತ್ತಾ? ನಿಮ್ಮ ಸ್ನೇಹಿತರ ಸಾಫ್ಟ್‌ವೇರಿಗೆ ಆ ಧ್ವನಿಯ ಭಾಷೆ ಬರಲ್ಲ, ಅಷ್ಟೇ. ಫೈಲನ್ನ ಬೇರೆ ತರಕ್ಕೆ ಬದಲಾಯಿಸಿ ಆಮೇಲೆ ಇಂಪೋರ್ಟ್ ಮಾಡ್ಬೇಕು." ಹಾಗೆಂದು ಕೈ ಚಾಚಿದರು. "ಕೊಡಿ, ಸ್ನೇಹಿತರ ಡಿಸ್ಕು ನಿಮ್ಮ ಜೇಬಲ್ಲೇ ಇದೆಯಲ್ಲಾ."

ಬದಲಾಯಿಸಿದ ಫೈಲನ್ನು ಅಂಗಡಿಗೆ ತಂದು ಇಂಪೋರ್ಟ್ ಮಾಡಿದೆ. ಅವ್ವನ ಧ್ವನಿ ತುಂಬಿಕೊಂಡು ಬಂತು. ಎಂಥ ಕಂಠ! ಕ್ಯಾಮೆರಾ ಹಿಡಿದು ಎದುರೇ ನಿಂತಿದ್ದವನು ಅಂದು ಅದನ್ನು ಕೇಳಿಸಿಕೊಂಡೇ ಇರಲಿಲ್ಲ ಎಂದು ನಾಚಿಕೆಯಾಯಿತು. ಆದರೆ ಪದದ ನಡುವೆ, ಮನೆಯಲ್ಲಿ ಕುಕ್ಕರಿನ ಕೂಗಿನಡಿ ಕೇಳದೇ ಹೋಗಿದ್ದ ಒಬ್ಬ ಗಂಡಸು ಇದ್ದಕ್ಕಿದ್ದಂತೆ ಅರಚಿದ: "ಏ ಅವ್ವಾ, ಆ ಕಡೆ ಜರುಗಿ, ಹೆಣ್ಣು ಕಾಣ್ತಿಲ್ಲ! ಪದ ಆಮೇಲೆ ಹೇಳೀರಂತೆ!" ಯಾರಪ್ಪ ಈ ಒರಟ ಎಂದು ನೋಡಿದರೆ ನಾನೇ. ಅವ್ವ ಜರುಗಲೂ ಇಲ್ಲ, ನಿಲ್ಲಿಸಲೂ ಇಲ್ಲ. ಇನ್ನಷ್ಟು ಏರಿಸಿ ಹಾಡಿದ್ದರು. ನನ್ನ ಮಾತನ್ನು ಕತ್ತರಿಸಲು ನೋಡಿದೆ. ಜೊತೆಗೆ ಪದದ ಒಂದು ಸಾಲೇ ಹೋಗುತ್ತಿತ್ತು. ಮಾತಿಲ್ಲದ ಹೆಂಗಸಿನ ಒಂದು ಸಾಲು ದೊಡ್ಡದೋ, ನನ್ನ ಮಾನ ದೊಡ್ಡದೋ ಎಂದು ಅರ್ಧ ದಿನ ಯೋಚಿಸಿ, ಹಾಗೇ ಬಿಟ್ಟೆ.

ತಂಗಿಯ ಮದುವೆಗೂ ವಿಡಿಯೋ ನನ್ನದೇ. ಅರಿಶಿನದ ಹೊತ್ತಿಗೆ ಮೈಕಿನಲ್ಲಿ ಪದ ಹಾಕಿದರು. ಕುರ್ಚಿಯಲ್ಲಿ ಕೂತಿದ್ದ ಅವ್ವನ ತುಟಿ ತನ್ನ ಪದದ ಹಿಂದೆಯೇ ಅಲುಗತೊಡಗಿತು. ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನನ್ನ ಅರಚಾಟ ಛತ್ರದ ತುಂಬ ಮೊಳಗಿತು. ಗೊಳ್ಳೆಂದು ನಕ್ಕರು. ಅವ್ವ ಮಾತ್ರ ಸರಿಯಿದ್ದ ಒಂದು ಕೈಯನ್ನು ಎತ್ತಿ, ಕ್ಯಾಮೆರಾ ಹಿಡಿದು ನಿಂತಿದ್ದ ನನಗೆ 'ನೀನೇ ಆ ಕಡೆ ಜರುಗು' ಎಂದು ಸನ್ನೆ ಮಾಡಿದರು. ಜರುಗಿದೆ.

ಆ ಮದುವೆಯ ಡಿವಿಡಿ ಈಗಲೂ ಜಯಮ್ಮನ ಮನೆಯಲ್ಲಿದೆ. ನಾನು ಜರುಗಿದಲ್ಲಿಂದ ಅರಿಶಿನದ ಶಾಸ್ತ್ರ ಮುಗಿಯುವವರೆಗೂ ಅದರಲ್ಲಿ ಕಾಣುವುದು ಹೆಂಗಸರ ಬೆನ್ನು, ತುರುಬು ಮತ್ತು ಛತ್ರದ ಒಂದು ಕಂಬ. ಹೆಣ್ಣು ಎಲ್ಲಿ ಎಂದು ಬೀಗರು ಕೇಳಿದರಂತೆ. ನನ್ನನ್ನು ಕೇಳಿದ್ದರೆ, ಇದು ಹೊಸ ತರದ ಫೋಟೋಗ್ರಫಿ ಎಂದು ಹೇಳುತ್ತಿದ್ದೆ.