ಎರಡನೆಯ ಸಲ ಕರೆಯದ ಸಭೆ

ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ಬೇಡ ಎನ್ನಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಬರೆದಿಟ್ಟ ಕಾನೂನಿಗಿಂತ ನಿಷ್ಠೆಯಿಂದ ನಡೆಸುತ್ತಾರೆ. ಕಾಫಿ ಬೇಡ, ಈಗ ತಾನೇ ಕುಡಿದೆ. ಊಟ ಬೇಡ, ಹಸಿವಿಲ್ಲ. ಚಾಪೆಯೂ ಬೇಡ, ನೆಲವೇ ತಂಪಾಗಿದೆ. ಕೊಡುವವರು ಎರಡನೆಯ ಸಲ ಹೇಳಿದಾಗ ಸ್ವಲ್ಪ ಮೆತ್ತಗಾಗಬೇಕು. ಮೂರನೆಯ ಸಲಕ್ಕೆ, ನಿಮ್ಮ ಮಾತು ಮೀರುವುದು ಹೇಗೆ ಎಂದು ಕೈ ಚಾಚಬೇಕು. ನ್ಯಾಮತಿಯ ನನ್ನ ಸೋದರತ್ತೆ ಈ ವಿದ್ಯೆಯಲ್ಲಿ ಪಂಡಿತೆ. ಬೀಗರ ಮನೆಯಲ್ಲಿ ಐದು ಸಲ ಹೋಳಿಗೆ ಬೇಡವೆಂದು ಆರನೆಯ ಸಲ ನಾಲ್ಕು ಹಾಕಿಸಿಕೊಂಡವಳು. ಒಂದೇ ಮಾತಿಗೆ ಒಪ್ಪುವವನು ಆಸೆಬುರುಕ ಎಂದು ನನಗೆ ಬಾಲ್ಯದಲ್ಲೇ ತಲೆಗೆ ತುಂಬಿದವಳೂ ಅವಳೇ. ಆ ಸಂಸ್ಕಾರ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಇಂದು ಹೇಳಿಕೊಳ್ಳುತ್ತೇನೆ. ನೀವು ಕೇಳಲಿಲ್ಲ, ನಿಜ. ಆದರೆ ಕೇಳಲಿ ಎಂದು ಕಾದು ಕೂರುವ ಧೈರ್ಯ ನನಗೆ ಉಳಿದಿಲ್ಲ.

ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಯೂರೋಪಿನಲ್ಲಿ ವಿದ್ಯಾರ್ಥಿಗಳ ಒಂದು ಸಮ್ಮೇಳನ ನಡೆಯುವುದಿತ್ತು. ದೇಶದೇಶಗಳು ಜಗಳವಾಡದೆ ಬಾಳುವುದು ಹೇಗೆ ಎಂಬುದು ಅಲ್ಲಿಯ ವಿಷಯ. ಹೇಗೋ ನನ್ನ ಹೆಸರು ಆಯ್ಕೆಯಾಯಿತು. ಸುದ್ದಿ ಹೇಳಲು ಊರಿಗೆ ಬಂದವನು ಗೋವಿನಕೋವಿಯ ನಮ್ಮ ಮನೆಗೂ ಮೊದಲು ಹೊನ್ನಾಳಿಯಲ್ಲಿ ರುದ್ರಪ್ಪ ಮೇಷ್ಟ್ರ ಮನೆಗೆ ಹೋದೆ. ನನಗೆ ಇಂಗ್ಲಿಷಿನ ಮೊದಲ ಅಕ್ಷರ ತಿದ್ದಿಸಿದವರು ಅವರು. ಅವರ ತಂದೆ ಸೂಳೆಕೆರೆಯಲ್ಲಿ ನೀರಗಂಟಿಯಾಗಿದ್ದವರು, ಅಂದರೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ಕೆಲಸದವರು.

ವಿಷಯ ಕೇಳಿದ್ದೇ ಮೇಷ್ಟ್ರು ಎದ್ದು ನಿಂತರು. "ಹಂಗಾದ್ರೆ ನಮ್ಮ ನೀರಿನ ಸರದಿ ಹೇಳಪ್ಪ ಅವರಿಗೆ. ನೀರು ಕಮ್ಮಿ ಆದ ವರ್ಷ ಕಾಲುವೆ ಕೊನೇ ಊರಿಗೇ ಮೊದ್ಲು ಬಿಡ್ತೀವಿ. ಅಲ್ಲಿ ಗದ್ದೆ ನೆನೆಯೋತನಕ ಮೇಲಿನ ಊರಿನ ಗೌಡ್ರು ಅಲ್ಲೇ ಬದುವಿನ ಮೇಲೆ ಕುಂತಿರಬೇಕು. ನಮ್ಮಪ್ಪ ಇರೋತನಕ ಒಂದು ಬಡಿದಾಟ ಆಗಿಲ್ಲ. ಅವರಿಗೆ ಇದು ಗೊತ್ತಿಲ್ಲ, ಅದಕ್ಕೇ ಕಚ್ಚಾಡ್ತಾರೆ" ಎಂದರು. ಹದಿನೈದು ದಿನ ಕೂತು ಭಾಷಣವನ್ನು ಇಂಗ್ಲಿಷಿನಲ್ಲಿ ತಾವೇ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಹೊಳೆಯ ದಂಡೆಯಲ್ಲಿ ನನ್ನನ್ನು ನಿಲ್ಲಿಸಿ ಓದಿಸಿದರು. ಆಚೆ ದಡದಲ್ಲಿ ಬಟ್ಟೆ ಒಗೆಯುವವರಿಗೂ ಅದು ಬಾಯಿಪಾಠವಾಗಿರಬೇಕು. ಅವರಿಗೆ ಅದು ಭಾಷಣವಾಗಿರಲಿಲ್ಲ, ಜಗತ್ತಿಗೆ ಕಳಿಸುವ ಔಷಧವಾಗಿತ್ತು.

ಮುಂಬಯಿಯಲ್ಲಿ ಹಡಗು ಹತ್ತಿದೆ. ಬಡಿಸುವವನು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಹಿಡಿದು ಬಂದು, ಇನ್ನೂ ಬೇಕೇ ಎಂದು ಕೇಳಿದ. ಬೇಡ ಎಂದೆ. ಅವನು ತಟ್ಟೆ ಎತ್ತಿಕೊಂಡು ಹೊರಟೇ ಹೋದ. ಮರೆತಿರಬೇಕು, ತಿರುಗಿ ಬರುತ್ತಾನೆ ಎಂದು ಕಾದೆ. ಮೂರು ದಿನ ಹೀಗೇ ಕಾದು ಅರೆಹೊಟ್ಟೆಯಲ್ಲಿದ್ದೆ. ಏಡನ್ ಬರುವ ಹೊತ್ತಿಗೆ, ಅವನು ಬಾಯಿ ತೆರೆಯುವ ಮೊದಲೇ ತಟ್ಟೆ ಮುಂದೆ ಚಾಚುವುದನ್ನು ಕಲಿತೆ. ಆದರೆ ಕಲಿತದ್ದು ಹೊಟ್ಟೆ ಮಾತ್ರ. ಮಿಕ್ಕ ನಾನು ನ್ಯಾಮತಿಯ ಸೋದರತ್ತೆಯ ಸೋದರಳಿಯನಾಗಿಯೇ ಉಳಿದಿದ್ದೆ ಎಂಬುದು ಆಮೇಲೆ ತಿಳಿಯಿತು.

ಸಭೆಯ ಎರಡನೆಯ ದಿನ ಅಧ್ಯಕ್ಷರು, ಕನ್ನಡಕದ ವಯಸ್ಸಾದ ಮನುಷ್ಯ, ನನ್ನ ಹೆಸರನ್ನು ಮೂರು ತುಂಡು ಮಾಡಿ ಓದಿ, ಇಂಡಿಯಾದ ಮಿತ್ರರು ಮಾತನಾಡುತ್ತಾರೆಯೇ ಎಂದು ಕೇಳಿದರು. ಜೇಬಿನಲ್ಲಿ ಭಾಷಣ ಇತ್ತು. ಎದ್ದು ನಿಂತು ಕೈಮುಗಿದೆ. ಇಲ್ಲಿ ಇಷ್ಟು ಮಂದಿ ಹಿರಿಯರಿರುವಾಗ ನನ್ನಂಥವನು ಏನು ಮಾತಾಡುವುದು, ಬೇರೆಯವರು ಮಾತಾಡಲಿ ಎಂದೆ. ನಮ್ಮೂರಿನ ಯಾವ ಸಭೆಯಲ್ಲಾದರೂ ಈ ಮಾತಿಗೆ ನಾಲ್ಕು ಜನ ಬಂದು ತೋಳು ಹಿಡಿದು ಎಳೆದೊಯ್ಯುತ್ತಿದ್ದರು. ಅಲ್ಲಿ ಅಧ್ಯಕ್ಷರು ಸಂತೋಷದಿಂದ ತಲೆಯಾಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಭಾಷಣ ಮುಗಿಯಿತೆಂದು ಅವರು ತಿಳಿದರು! ಮುಂದಿನ ಹೆಸರು ಕರೆದರು, ನಾರ್ವೆಯ ಒಬ್ಬ ಹುಡುಗ ಕರೆದ ಕೂಡಲೇ ಎದ್ದು ಓಡಿದ. ಪಾಪ, ಮನೆಯಲ್ಲಿ ಹೇಳಿಕೊಡುವವರು ಇರಲಿಲ್ಲವೇನೋ ಎಂದುಕೊಂಡೆ. ಎರಡನೆಯ ಕರೆಗಾಗಿ ಕಾಯುತ್ತ ನಾನಿನ್ನೂ ನಿಂತೇ ಇದ್ದೆ. ಹಿಂದಿದ್ದವರು ಕೋಟಿನ ಚುಂಗು ಎಳೆದ ಮೇಲೆ ಕೂತೆ.

ಉಳಿದ ಮೂರು ದಿನವೂ ಅಧ್ಯಕ್ಷರ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನಲ್ಲೇ ಕೂತೆ, ಆಗಾಗ ಕಾಗದ ತೆಗೆದು ಮಡಿಸಿದೆ, ಕೆಮ್ಮಿದೆ. ಒಮ್ಮೆ ಅವರು ಹತ್ತಿರ ಬಂದರು. ಜೀವ ಬಂದಂತಾಯಿತು. ನೆಗಡಿಯೇ ಎಂದು ವಿಚಾರಿಸಿ ಹೋದರು. ನಾನಾಗಿ ಹೋಗಿ ಅವಕಾಶ ಕೊಡಿ ಎಂದು ಕೇಳಬಹುದಿತ್ತು. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ನೂರು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಕಾಲು ಮಾತ್ರ ಏಳಲಿಲ್ಲ. ಸಭೆ ಮುಗಿದ ಸಂಜೆ ಒಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಏಳು ಸಮುದ್ರ ದಾಟಿ ಬಂದು ಬೇಡ ಎಂದು ಹೇಳಿ ಹೋಗುವ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ ಅನ್ನಿಸಿತು.

ಊರಿಗೆ ಬಂದಾಗ ಮೇಷ್ಟ್ರು ಹೊಳೆಯ ದಡಕ್ಕೇ ಬಂದು ನಿಂತಿದ್ದರು. "ಹೆಂಗಾಯ್ತಪ್ಪ? ಏನಂದ್ರು?" ಎಂದರು. ಅವರ ಮುಖ ನೋಡಿದೆ. "ಚಪ್ಪಾಳೆ ತಟ್ಟಿದರು, ಮೇಷ್ಟ್ರೇ" ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಅದೇ ನನ್ನ ಸಂಕಟ. ಅವರು ರುಮಾಲು ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನಿಜ ಹೇಳುವ ದಾರಿಯೇ ಮುಚ್ಚಿಹೋಯಿತು.

ಮುಂದಿನ ವರ್ಷ ಯೂರೋಪಿನಲ್ಲಿ ಯುದ್ಧ ಶುರುವಾಯಿತು. ನಾನು ಮಾತಾಡಿದ್ದರೆ ಅದು ನಿಲ್ಲುತ್ತಿತ್ತು ಎನ್ನುವಷ್ಟು ಹುಚ್ಚು ನನಗಿಲ್ಲ, ಹಗಲಿನಲ್ಲಂತೂ ಇಲ್ಲ. ಆದರೆ ರಜೆಯಲ್ಲಿ ಮೇಷ್ಟ್ರು ನನ್ನನ್ನು ಸೂಳೆಕೆರೆಯ ಕೆಳಗಿನ ತಮ್ಮ ಹಳ್ಳಿಗೆ ಕರೆದುಕೊಂಡು ಹೋಗಿ, ಅದೇ ಭಾಷಣವನ್ನು ಕನ್ನಡದಲ್ಲಿ ಹೇಳಿಸಿದರು. ನಾನು ಬೇಡವೆಂದೆ, ಅಲ್ಲಿ ಮೂರು ಸಲವಲ್ಲ, ಹತ್ತು ಸಲ ಒತ್ತಾಯ ಮಾಡಿದರು. ಕಟ್ಟೆಯ ಮೇಲಿನವರೆಲ್ಲ ಗಂಭೀರವಾಗಿ ಕೇಳಿದರು. ಮುಗಿದ ಮೇಲೆ ಮುದುಕ ಹಾಲಪ್ಪಜ್ಜ ಎಲೆಅಡಿಕೆ ಉಗುಳಿ ಬಂದು ನನ್ನನ್ನೇ ನೋಡಿದ.

"ಇಷ್ಟೂ ಅವರಿಗೆ ಹೇಳಿದ್ರೇನ್ರೀ?"

ಮೇಷ್ಟ್ರೇ ಉತ್ತರ ಕೊಟ್ಟರು. "ಹೇಳಿದಾನೆ. ಚಪ್ಪಾಳೆ ತಟ್ಟಿದ್ರಂತೆ."

"ಇಷ್ಟು ಕೇಳಿಸ್ಕೊಂಡ ಮೇಲೂ ಬಡಿದಾಡಾಕೆ ಹೋದ್ರಾ? ಹಂಗಾದ್ರೆ ಆ ಮಂದಿ ಉದ್ಧಾರ ಆಗಲ್ಲ ಬಿಡ್ರಿ" ಎಂದ ಅಜ್ಜ. ಎಲ್ಲರೂ ತಲೆಯಾಡಿಸಿದರು. ಆ ದೇಶಗಳ ಮೇಲೆ ಏನೇನು ತಪ್ಪು ಇದೆಯೋ ನನಗೆ ಗೊತ್ತಿಲ್ಲ. ಈ ಒಂದು ತಪ್ಪನ್ನು ಮಾತ್ರ ಅವರು ಮಾಡಿರಲಿಲ್ಲ, ಅದು ಅಲ್ಲಿ ನನಗೊಬ್ಬನಿಗೇ ತಿಳಿದಿತ್ತು.

ಕೆರೆಯ ಏರಿಯ ಮೇಲೆ ಇಬ್ಬರೂ ಹಿಂತಿರುಗಿದೆವು. ಅರ್ಧ ದಾರಿಯಲ್ಲಿ ಮೇಷ್ಟ್ರು, "ತಪ್ಪು ಅವರದಲ್ಲ ಕಣಪ್ಪ. ನನ್ನ ಇಂಗ್ಲಿಷು ಎಷ್ಟರದು? ನಾನು ಸರಿಯಾಗಿ ಬರೆದಿದ್ರೆ ಅವರ ಮನಸ್ಸಿಗೆ ನಾಟ್ತಿತ್ತು" ಎಂದರು. ಈಗಲಾದರೂ ಹೇಳಿಬಿಡು ಎಂದಿತು ಮನಸ್ಸು. "ನಿಮ್ಮ ಬರವಣಿಗೆಯಲ್ಲಿ ಏನೂ ತಪ್ಪಿರಲಿಲ್ಲ, ಮೇಷ್ಟ್ರೇ" ಎಂದಷ್ಟೇ ಹೇಳಿದೆ.

ಆ ಪ್ರವಾಸದ ಬಗ್ಗೆ ನಾನು ಅವರಿಗೆ ಮನಸ್ಸು ಬಿಚ್ಚಿ ಹೇಳಿದ ಒಂದೇ ಮಾತು ಅದು. ಅವರು ನಕ್ಕು ನನ್ನ ಬೆನ್ನು ತಟ್ಟಿದರು. ಉಪಚಾರಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು.