ಎಲಿ ಹಾಕೇವಿ, ಏಳ್ರಿ!

ನಮ್ಮ ಕಾಕಾ ಊಟಕ್ಕ ಕರದ ಮ್ಯಾಲೆ ತಪ್ಪಿಸ್ಕೊಂಡು, ತಮ್ಮ ಮನ್ಯಾಗ ತಾವು ತಣ್ಣಗ ಉಂಡು ಮಲಗಿದವರು ಬನಹಟ್ಟ್ಯಾಗ ಯಾರರೆ ಇದ್ರ ಮುಂದ ಬರ್ರಿ. ನಾನ ಖುದ್ದ ಶಾಲು ಹೊದಿಸಿ ಹಾರ ಹಾಕ್ತೇನಿ! ಯಾರೂ ಬರಂಗಿಲ್ಲ. ಅಂಥವರು ಇದ್ರಲ್ಲ ಬರೋದು?

ಬ್ಯಾರೆಯವರು ಊಟಕ್ಕ ಕರೀತಾರ. ನಮ್ಮ ಕಾಕಾ ಬೆನ್ನ ಹತ್ತತಾನ. ಮುಂಜಾನೆ ನೀವು ಹಲ್ಲು ತಿಕ್ಕುವಾಗ ಒಮ್ಮೆ ಬಂದು, "ಇವತ್ತ ನಮ್ಮಲ್ಲೇ ಊಟರಿ, ಮರೀಬ್ಯಾಡ್ರಿ" ಅಂತಾನ. ಒಲಿ ಹೊತ್ತಿಸಿದಾಗ ಬಂದು ಇನ್ನೊಮ್ಮೆ. ಅನ್ನಕ್ಕ ಎಸರು ಇಟ್ಟಾಗ ಮತ್ತೊಮ್ಮೆ. ಕಡೀಕ ಓಣಿ ತುಂಬ ಕೇಳೂಹಂಗ, "ಎಲಿ ಹಾಕೇವಿ, ಏಳ್ರಿ!" ಒಮ್ಮೆ ನಮ್ಮ ಓಣಿಯ ಮಾಸ್ತರು ಹೊಟ್ಟಿ ಕೆಟ್ಟೈತಿ ಅಂತ ನೆವಾ ಹೇಳಿ ಒಳಗ ಚಿಲಕಾ ಹಾಕ್ಕೊಂಡು ಮಲಗಿದ್ರು. ಕಾಕಾ ಬಿಡ್ತಾನೇನು? ಕಿಡಕಿ ಸಳಿಗೆ ಮುಖಾ ಹಚ್ಚಿ, "ಹಂಗಾರ ಮಜ್ಜಿಗಿ ಅನ್ನ ಅಷ್ಟ ಉಣ್ಣೀರಂತ, ಏಳ್ರಿ" ಅಂದ. ಮಾಸ್ತರು ಎದ್ದು ಬಂದು, ಮಜ್ಜಿಗಿ ಅನ್ನಕ್ಕ ಅಂತ ಕುಂತು, ಐದು ಶೇಂಗಾ ಹೋಳಿಗಿ ಉಂಡು, "ಈಗ ಸ್ವಲ್ಪ ಆರಾಮ ಅನಿಸ್ತೈತಿ" ಅಂತ ಎದ್ದು ಹೋದ್ರು!

ನೀವು ನಗ್ತೀರಿ. ನಾನೂ ನಗ್ತೇನಿ. ಆದ್ರ ಈ ಹುಚ್ಚು ಕಾಕಾಗ ಹುಟ್ಟಿನಿಂದ ಬಂದಿದ್ದಲ್ಲ. ಹನ್ನೊಂದು ವರ್ಷದ ಹಿಂದ ಹಿಡದಿದ್ದು, ಅದೂ ಒಂದ ಮಧ್ಯಾಹ್ನದಾಗ.

ನಮ್ಮ ಕಡೆ ಊಟಕ್ಕ ಎರಡು ಸಲ ಕರಿಯೂ ರೂಢಿ. ಮೊದಲ ಕುಂಕುಮ ಹಚ್ಚಿ ಹೇಳಿಕಿ ಕೊಡೋದು. ಆಮ್ಯಾಲೆ ಎಲಿ ಹಾಕಿದಾಗ ಮನಿಗೇ ಹೋಗಿ ಕರಿಯೋದು. ಆ ಎರಡನೆ ಕರಿ ಬರದ ಹೊರತು ಮಾನಸ್ಥರು ಮನಿ ಕಟ್ಟಿ ಇಳಿಯಂಗಿಲ್ಲ, ಹೊಟ್ಟಿ ಎಷ್ಟ ಹಸೀಲಿ. ಕಾಕಾ ಹೊಸಾ ಮನಿ ಕಟ್ಟಿ ವಾಸ್ತುಶಾಂತಿ ಇಟ್ಟಾಗ ಅವನ ಅಕ್ಕ, ಅಂದ್ರ ನಮ್ಮ ಅತ್ತಿ, ರನ್ನ ಬೆಳಗಲಿಯಿಂದ ಬಂದು, ಮನ್ಯಾಗ ಮಂದಿ ಗದ್ದಲ ಅಂತ ಬಾಜೂ ಓಣಿಯ ಗೆಳತಿ ಮನ್ಯಾಗ ಇಳದಿದ್ಲು. ಎಲಿ ಹಾಕಿದ್ರು. ಅಕ್ಕನ್ನ ಕಾಕಿ ಕರದಿರ್ತಾಳ ಅಂತ ಕಾಕಾ, ಕಾಕಾ ಕರದಿರ್ತಾನ ಅಂತ ಕಾಕಿ. ಮೂರು ಪಂಕ್ತಿ ಉಂಡು ಎದ್ದುವು. ಅತ್ತಿ ಹೊಸಾ ಸೀರಿ ಉಟ್ಕೊಂಡು ಗೆಳತಿಯ ಕಟ್ಟಿ ಮ್ಯಾಲೆ ಸಂಜೀತನಕ ಕುಂತು, ಬಸ್ ಹತ್ತಿ ಊರಿಗೆ ಹೋಗಿಬಿಟ್ಲು.

ಜಗಳಾ ಆಡಿದ್ರ ಛಲೋ ಇತ್ತು. ಆಡಲಿಲ್ಲ. ಮರುದಿನ ಕಾಕಾ ಹೋಗಿ ಕೈ ಮುಗದ್ರ ಛಾ ಕೊಟ್ಲು, ಎಲ್ಲಾರನ್ನೂ ವಿಚಾರಿಸಿದ್ಲು. ಆದ್ರ ಅವತ್ತಿನಿಂದ ಕಾಕಾನ ಮನ್ಯಾಗ ಒಂದ ತುತ್ತು ಉಂಡಿಲ್ಲ. ಪ್ರತಿ ಹಬ್ಬಕ್ಕ ಕಾಕಾ ಹೇಳಿಕಿ ಕೊಡೋದು, ಅತ್ತಿ "ಬರ್ತೇನಿ ಬಿಡೋ" ಅನ್ನೋದು, ಬರದ ಇರೋದು. ಕಾಕಾಗ ಅದ ಎದಿಯಾಗ ಮುಳ್ಳ ಮುರದಂಗ ಕುಂತೈತಿ. ಅದಕ್ಕ ಊರಾಗ ಮತ್ತ್ಯಾರನ್ನೂ ಕರಿಯೂದು ತಪ್ಪಬಾರದು ಅಂತ ನಾಕ ನಾಕ ಸಲ ಕರೀತಾನ.

ಈ ವರ್ಷ ಕಾಕಾನ ಮಗಳ ಕುಬಸ ಬಂತು. ಏಳು ತಿಂಗಳ ಬಸುರಿ, ಚೊಚ್ಚಲ ಬ್ಯಾರೆ. ಕಾಕಾ ಒಂದ ಹಟಾ ಹಿಡದ: "ಮೊದಲನೆ ಉಡಿ ನಮ್ಮ ಅಕ್ಕನ ಕೈಲೆ ತುಂಬಬೇಕು. ಅಕಿ ನಮ್ಮನ್ಯಾಗ ಉಣ್ಣಬೇಕು. ಇಲ್ಲಂದ್ರ ನಾ ಏನ ಮಾಡಿದ್ರೂ ಅಷ್ಟ ಐತಿ."

ನಾನು ಅವನ ಅಣ್ಣನ ಮಗಳು. ಜಮಖಂಡ್ಯಾಗ ಸಾಲಿ ಟೀಚರ್. ಕುಬಸ ಐತವಾರ ಇತ್ತು. ಕೈ ಹಗರ ಮಾಡೂಣು ಅಂತ ಸೋಮವಾರನ ರಜಾ ಹಾಕಿ ಬಂದೆ. ಅದ ನಾ ಮಾಡಿದ ತಪ್ಪು. ಬಂದು ಬಾಗಲಾ ದಾಟೂದರೊಳಗ ಕಾಕಾ ತನ್ನ ಯೋಜನಾ ಹೇಳಿದ. ಕುಬಸದ ದಿನ ಗದ್ದಲದಾಗ ಯಾರನ್ನೋ ಮರೀತೀವಿ. ಅದಕ್ಕ ಊರವರಿಗೆಲ್ಲ ಸೋಮವಾರದಿಂದ ಶನಿವಾರದ ಒಳಗ ದಿನಾ ಅಷ್ಟಷ್ಟು ಮಂದೀನ ಕರದು ಉಣ್ಣಿಸಿಬಿಡೋದು!

"ಮತ್ತ ಐತವಾರ?" ಅಂದ್ಲು ಕಾಕಿ.

"ಐತವಾರ ಮತ್ತೊಮ್ಮೆ ಎಲ್ಲಾರನ್ನೂ ಕರಿಯೋದು."

ಕಾಕಿ ಕೈಯಾಗಿನ ರೊಟ್ಟಿ ಹಿಟ್ಟು ನಾದೂ ಕೊಣಮಗಿಯೊಳಗ ಟಪ್ ಅಂತ ಒಗದ್ಲು. ನನಗ ಅರ್ಥಾತು.

ಸೋಮವಾರ ಮಗ್ಗದ ಮಂದಿ ಸರದಿ. ಹದಿನೆಂಟು ಮಂದಿ ಬಂದು ಕುಂತು ಉಣ್ಣಾಕತ್ತಿದ್ರು. ಕಾಕಾ ಎಣಿಸಿದ, ಹದಿನೇಳು ಆದುವು. ತಗೋ, ಚಪ್ಪಲಿ ಮೆಟ್ಟಿ ಓಡಿದ, ಉಳದ ಒಬ್ಬಾವನ್ನ ಕರಿಯಾಕ. ಆ ಮನಿಷಾ ಕಂಬದ ಹಿಂದ ಕುಂತು ಎಣ್ಣಿಗಾಯಿ ಹೊಡ್ಯಾಕತ್ತಿದ್ದ. ಅವನ ಹೆಂಡ್ತಿ ಬಾಗಲಾ ತಗದು, "ಅವರು ನಿಮ್ಮಲ್ಲೇ ಬಂದಾರಲ್ಲರಿ?" ಅಂದ್ಲು. ಕಾಕಾ ಬರಿಗೈಲೆ ತಿರುಗಿ ಬರಾವಲ್ಲ. ಆ ಹೆಂಡ್ತೀನ ಕರಕೊಂಡು, ಅಕಿ ಅತ್ತೀನ ಕರಕೊಂಡು, ಅವರು ಮಾಡಿಟ್ಟ ಬ್ಯಾಳಿ ಸಾರು ಕೆಡಬಾರದು ಅಂತ ಆ ಪಾತೇಲಿ ತಾನ ಹೊತ್ಕೊಂಡು ಬಂದ!

ಮಂಗಳವಾರ, ಬುಧವಾರ ಹೆಂಗ ಹೋದುವೋ ಕೇಳಬ್ಯಾಡ್ರಿ. ನನಗ ನೆನಪಿರೋದು ಸಜ್ಜಿ ರೊಟ್ಟಿ ಅಷ್ಟ. ಬಡದೇ ಬಡದೆ, ಬಡದೇ ಬಡದೆ. ಸಾಲ್ಯಾಗ ಹುಡುಗರಿಗೆ ಬಡಿಯೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅದೆಲ್ಲಾ ಆ ಎರಡು ದಿನದಾಗ ಭರ್ತಿ ಆತು.

ಗುರುವಾರ ತಿಮ್ಮಾಪುರದ ಬೀಗರು ಬಂದ್ರು. ಸಂಗತೀಲೆ ಅವರ ಮುಧೋಳ ನಾಯಿನೂ ಬಂತು, ಬಳ್ಳಿಯಂಥ ಸೊಂಟ, ಉದ್ದನ್ನ ಮೂತಿ. ಈ ಭಾಗದಾಗ ಹುಟ್ಟಿ ಬೆಳದಾವ ಕಾಕಾ. ಆ ನಾಯಿ ಜಾತಿನ ತೆಳ್ಳಗ ಅಂತ ಅವಗ ಗೊತ್ತಿಲ್ಲೇನು? ಆದ್ರೂ ತಡಕೊಳ್ಳಲಿಲ್ಲ. "ಬೀಗರ, ಪಕ್ಕಡಿ ಎಲುಬು ಎಣಸಾಕ ಬರ್ತಾವಲ್ಲರಿ! ಇದಕ್ಕ ಹೊಟ್ಟಿಗೆ ಏನರ ಹಾಕ್ತೀರೋ ಇಲ್ಲೋ?" ಅಂದವನ ನಾಕು ಹೋಳಿಗಿ ತುಪ್ಪಾ ಹಾಕಿ ಇಟ್ಟ. ಮೊಲದ ಬೆನ್ನ ಹತ್ತಿ ಓಡೋ ನಾಯಿ, ಸಂಜಿಮುಂದ ಜೀಪು ಹತ್ತಾಕ ಬರಲಿಲ್ಲ. ನಾಕು ಮಂದಿ ಎತ್ತಿ ಹಾಕಿದ್ರು.

ಆದ್ರ ಅದು ಆಮ್ಯಾಲೆ. ಅದಕ್ಕಿಂತ ಮೊದಲ ಇನ್ನೊಂದು ಆತು. ಬೀಗರಿಗೆ ಛಾ ಕೊಟ್ಟು ನೋಡಿದ್ರ ಕಾಕಾನ ಇಲ್ಲ! ಹುಡುಕಿದ್ರ ಹಿತ್ತಲ ಕಡೆ ಮನಿಯ ಅಜ್ಜನ ಕೈಮಗ್ಗದ ಕೆಳಗ ಕುಂತಾನ. ಅಜ್ಜಗ ಮುಂಗೈ ಉಳುಕಿತ್ತು. ಮೊಮ್ಮಗಳ ಲಗ್ನದ ಸೀರಿ ತಾನ ನೇಯಬೇಕಂತ ಆಸೆ, ಆದ್ರ ಮಗ್ಗಕ್ಕ ಹೊಸಾ ಹಾಸು, ಅಂದ್ರ ಉದ್ದನ್ನ ಎಳಿ, ಏರಿಸಬೇಕಂದ್ರ ಹಳೀ ಎಳಿಗೆ ಹೊಸಾ ಎಳಿ ಒಂದೊಂದ ಬೆರಳಲೆ ತಿರುವಿ ಜೋಡಸಬೇಕು. ಸಾವಿರಗಟ್ಟಲೆ ಎಳಿ. ಕಾಕಾ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸಿಯಾಕ ಕುಂತಿದ್ದ.

"ಕಾಕಾ, ಬೀಗರು ಎಲಿ ಮುಂದ ಕುಂತಾರ!"

"ನಡುವ ಬಿಟ್ಟು ಎದ್ರ ಲೆಕ್ಕ ತಪ್ಪತೈತವಾ. ಅವರನ್ನ ಇಲ್ಲಿಗೇ ಕರಕೊಂಡು ಬಾ."

ಎಲಿ, ಪಲ್ಯ, ಹುಗ್ಗಿ, ಬೀಗರು, ಎಲ್ಲಾ ಅಜ್ಜನ ಮನಿಗೆ ಹೋತು. ಬೀಗರು ಉಂಡು ಕೈ ತೊಳಕೊಂಡು, "ನನಗೂ ನಾಕು ಎಳಿ ಕೊಡ್ರಿ, ನೋಡೂಣು" ಅಂತ ಕುಂತ್ರು. ಹೊಲದ ಮನಿಷಾ! ಹಗ್ಗಾ ಹೊಸದಂಗ ಹೊಸದು ಕೆಂಪು ಎಳೀಗೆ ಹಸಿರು, ಹಸಿರಿಗೆ ಕೆಂಪು ಜೋಡಿಸಿಬಿಟ್ರು. ಅದನ್ನ ಬಿಡಸಾಕ ಎರಡು ತಾಸು ಹಿಡೀತು. ಅಜ್ಜ ನಕ್ಕೋತ, "ಇರಲಿ ಬಿಡ್ರಿ, ಬೀಗರ ಕೈ ಗುಣಾ" ಅಂದ. ನನಗ ಮಾತ್ರ ಸಿಟ್ಟು ಬಂದು ಕಾಕಾನ ಕೂಡ ಸಂಜೀತನಕ ಮಾತಾಡಲಿಲ್ಲ.

ಶುಕ್ರವಾರ ನನ್ನ ಸ್ಕೂಟಿ ಮ್ಯಾಲೆ ರನ್ನ ಬೆಳಗಲಿಗೆ ಹೋದ್ವಿ. ಕುಂಕುಮ ಹಚ್ಚಾಕ ಹೆಣ್ಣಮಗಳು ಬೇಕಲ್ಲ, ಕಾಕಿಗೆ ಪುರಸೊತ್ತಿಲ್ಲ, ಅದಕ್ಕ ನಾನು. ದಾರಿತುಂಬ ಕಬ್ಬಿನ ಟ್ರ್ಯಾಕ್ಟರ್. ಹಿಂದ ಕುಂತ ಕಾಕಾ ಹಗೂರಕ ಕೇಳಿದ, "ಬರ್ತಾಳೇನವಾ ಈ ಸಲ?" ಹತ್ತು ಸಲ ಕೇಳಿದ. ಹತ್ತು ಸಲಾನೂ "ಬರ್ತಾಳ ತಗಿ" ಅಂದೆ. ನನಗೇನ ಖಾತ್ರಿ ಇತ್ತೇನು?

ಅತ್ತಿ ಛಾ ಕೊಟ್ಲು, ಚುರಮರಿ ಕೊಟ್ಲು. ಕುಂಕುಮ ಹಚ್ಚಿಸ್ಕೊಂಡು, "ಬರ್ತೇನಿ ಬಿಡೋ" ಅಂದ್ಲು. ಅದ ಮಾತು! ಕಾಕಾನ ಮುಖಾ ಇಳೀತು. ಅವ ಹೊರಗ ಚಪ್ಪಲಿ ಮೆಟ್ಟುವಾಗ ನಾ ಒಳಗ ನಿಂತು ಕೇಳೇಬಿಟ್ಟೆ, "ಅತ್ತಿ, ಖರೇ ಹೇಳು. ಬರ್ತೀಯೋ ಇಲ್ಲೋ?"

"ಕರದ್ರ ಬರ್ತೇನವಾ."

"ಈಗ ಕರದೇವಲ್ಲ!"

ಅತ್ತಿ ನಕ್ಕು ಛಾದ ಕಪ್ಪು ಎತ್ಕೊಂಡು ಒಳಗ ಹೋದ್ಲು.

ಐತವಾರ ಬಂತು. ಕಾಕಾನ ಮಗಳು, ನನ್ನ ತಂಗಿ, ಹಸಿರು ಸೀರಿ ಉಟ್ಟು, ಜಡಿ ತುಂಬ ಹೂವಿಟ್ಕೊಂಡು ಕುರ್ಚಿ ಮ್ಯಾಲೆ ಕುಂತಿದ್ಲು. ಬೀಗರು ಬಂದ್ರು, ಓಣಿ ಬಂತು, ಹನ್ನೆರಡಾತು, ಹನ್ನೆರಡೂವರಿ ಆತು. ಅತ್ತಿ ಇಲ್ಲ. ಕಾಕಾ ಬಾಗಲಕ್ಕೂ ಓಣಿ ತುದಿಗೂ ಎಡತಾಕಾಕತ್ತಿದ್ದ. ಯಾರೋ, "ಅವರು ಬರಂಗಿಲ್ಲ ಬಿಡ್ರಿ, ಶುರು ಮಾಡ್ರಿ" ಅಂದ್ರು. ನನಗ ಅತ್ತಿ ಮ್ಯಾಲೆ ಉರದು ಬಂತು. "ನೋಡ ಕಾಕಾ, ಕುಂಕುಮ ಹಚ್ಚಿ ಹೇಳಿ ಬಂದೇವಿ. ಮತ್ತ 'ಕರದ್ರ ಬರ್ತೇನಿ' ಅಂದ್ಲು. ಇನ್ನ ಹೆಂಗ ಕರೀಬೇಕಂತ ಅಕೀಗೆ?"

ಕಾಕಾ ನಿಂತಬಿಟ್ಟ. ನನ್ನ ಮುಖಾ ನೋಡಿದ. ಆಮ್ಯಾಲೆ ಅಡಿಗಿ ಮನಿ ಕಡೆ ತಿರುಗಿ ಕೂಗಿದ, "ಎಲಿ ಹಾಕ್ರಿ!"

"ಉಡಿ ತುಂಬೂಕಿಂತ ಮೊದಲ?" ಅಂದ್ಲು ಕಾಕಿ.

"ಹಾಕ್ರಿ ಅಂದ್ರ ಹಾಕ್ರಿ. ಬಡಸಬ್ಯಾಡ್ರಿ, ಬರೇ ಹಾಕ್ರಿ."

ಅಂಗಳದ ತುಂಬ ಖಾಲಿ ಎಲಿ ಹಾಕಿದ್ರು. ಕಾಕಾ ಕಣ್ಣಲೆ ನೋಡಿ ಖಾತ್ರಿ ಮಾಡ್ಕೊಂಡ. "ಗಾಡಿ ತಗಿ" ಅಂದ ನನಗ.

"ಫೋನ್ ಮಾಡೂಣಲ್ಲ ಕಾಕಾ!"

"ಎಲಿ ಹಾಕಿದ ಮ್ಯಾಲಿನ ಕರಿ ಫೋನಿನ್ಯಾಗ ಕರೀತಾರೇನ ಹುಚ್ಚಿ?"

ಬೀಗರು "ನಮ್ಮ ಜೀಪ ತಗೊಳ್ರಿ" ಅನ್ನೂದರೊಳಗ ಅವ ನನ್ನ ಸ್ಕೂಟಿ ಹಿಂದ ಕುಂತಾಗಿತ್ತು. ನೂರಾರು ಮಂದಿ ಖಾಲಿ ಎಲಿ ನೋಡ್ಕೋತ ನಿಂತಾರ, ನಾವು ಕಬ್ಬಿನ ಟ್ರ್ಯಾಕ್ಟರ್ ನಡುವ ನುಸುಳಿಕೋತ ಹೊಂಟೇವಿ! ಊರ ಹೊರಗಿನವರನ್ನ ಎರಡನೆ ಸಲ ಕರಿಯಾಕ ಯಾರೂ ಅಷ್ಟು ದೂರ ಹೋಗಂಗಿಲ್ಲ. ಅದಕ್ಕ ಹನ್ನೊಂದು ವರ್ಷ ಕಾಕಾಗ ಅದು ಹೊಳದ ಇರಲಿಲ್ಲ. ಊರವರನ್ನೆಲ್ಲ ನಾಕ ಸಲ ಕರದಾವ, ಯಾರನ್ನ ಮರತಿದ್ದನೋ ಅವರನ್ನ ಮಾತ್ರ ಒಂದ ಸಲ ಕರದು ಬಿಟ್ಟಿದ್ದ.

ಕಾಕಾ ಅತ್ತಿ ಮನಿ ಕಟ್ಟಿ ಹತ್ತಲಿಲ್ಲ. ಓಣ್ಯಾಗ ನಿಂತ ಕೂಗಿದ, "ಅಕ್ಕಾ, ಎಲಿ ಹಾಕೇವಿ, ಏಳ ಬೇ!"

ಅತ್ತಿ ಹೊರಗ ಬಂದ್ಲು. ಹೊಸಾ ಸೀರಿ ಉಟ್ಟಿದ್ಲು. ತಲಿ ಬಾಚಿ ಹೂವು ಮುಡದಿದ್ಲು. ಉಡಿ ಸಾಮಾನಿನ ಚೀಲ ಕೈಯಾಗ ತಯಾರಿತ್ತು.

"ಎಷ್ಟ ತಡಾ ಮಾಡಿದ್ಯೋ" ಅಂದ್ಲು. "ಪ್ರತಿ ಸಲಾನೂ ಹಿಂಗ ಉಟ್ಕೊಂಡು ಕುಂದರ್ತೇನಿ. ಸಂಜಿಗೆ ಮಡಚಿ ಇಡತೇನಿ."

ಸ್ಕೂಟಿ ಮ್ಯಾಲೆ ಹಿಡಿಯೋರು ಇಬ್ಬರ. ಕಾಕಾ ಅಕ್ಕನ್ನ ಕುಂದರಿಸಿ, ತಾ ಬಸ್ಸಿಗೆ ನಿಂತ. ಹಿಂಗಾಗಿ ಮಗಳಿಗೆ ಮೊದಲನೆ ಉಡಿ ಬಿದ್ದಾಗ ಅಪ್ಪನ ಇರಲಿಲ್ಲ! ಉಡಿ ತುಂಬೂದು ಮುಗೀತು, ಬಡಸಿದ್ರು, ಎಲ್ಲಾರೂ ಕುಂತ್ರು. ಅತ್ತಿ ಮಾತ್ರ ಕುಂದರಲಿಲ್ಲ. ಸೆರಗು ಹೊತ್ಕೊಂಡು ಬಸ್ ಸ್ಟ್ಯಾಂಡ್ ಕಡೆ ನಡದೇಬಿಟ್ಲು. ನಾನೂ ಹಿಂದ ಹೋದೆ.

ಬಸ್ಸಿನಿಂದ ಇಳದಾವನ ಕಾಕಾ, "ಎಲ್ಲಾರೂ ಕುಂತ್ರೇನು? ಮಾಸ್ತರನ್ನ ಕರದ್ರೇನು? ಅಜ್ಜನ್ನ?" ಅಂದ.

"ಅವರದೆಲ್ಲ ಇರಲಿ" ಅಂದ್ಲು ಅತ್ತಿ. ಬಿಸಿಲಿಗೆ ಬೆವತ ಅವನ ಮುಖಾ ಸೆರಗಲೆ ಒರಿಸಿದ್ಲು. "ಎಲಿ ಹಾಕೇವಿ. ಊಟಕ್ಕ ಬಾರೋ ತಮ್ಮಾ."

ಅರವತ್ತು ದಾಟಿದ ಮನಿಷಾ, ಅಷ್ಟು ಮಂದಿ ಮುಂದ ನಿಂತು ಬಿಕ್ಕಿ ಬಿಕ್ಕಿ ಅತ್ತ. ಅವ ಯಾವಾಗಲೂ ಎಲ್ಲಾರದೂ ಮುಗದ ಮ್ಯಾಲೆ ಅಡಿಗಿ ಮನ್ಯಾಗ ನಿಂತ ನಿಂತ ಉಳದದ್ದು ಉಣ್ಣಾವ. ಅವನ್ನ ಊಟಕ್ಕ ಯಾರರೆ ಕರದಿದ್ದು ನಾ ಒಂದ ದಿನಾನೂ ಕೇಳಿರಲಿಲ್ಲ. ನಾನೂ ಕರದಿರಲಿಲ್ಲ.