ಫೈನಲ್ ಅಂದ ಮೇಲಿನ ಮಾತು

ಸೊಲ್ಲಾಪುರದಲ್ಲಿ ನಾವು ಮನೆಯೊಳಗೆ ಕನ್ನಡ, ರಸ್ತೆಗೆ ಬಂದರೆ ಮರಾಠಿ, ಲಾರಿ ಡ್ರೈವರುಗಳ ಜೊತೆ ಹಿಂದಿ ಮಾತಾಡುತ್ತೇವೆ. ಮೂರರಲ್ಲೂ ಮಾತು ಮುಗಿಸಲಾಗದೆ ಸಿಕ್ಕಿಕೊಂಡಾಗ ‘ಫೈನಲ್’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೆ ಕೊನೆಯದು, ಅದರ ಮುಂದೆ ಏನೂ ಇಲ್ಲ ಎಂದು ಅರ್ಥವಂತೆ. ನಮ್ಮ ಕಡೆ ನಿಜವಾದ ಮಾತುಕತೆ ಶುರುವಾಗುವುದೇ ಅಲ್ಲಿಂದ. ಹಾಗಾಗಿ ಈ ಶಬ್ದದಿಂದ ಯಾರಾದರೊಬ್ಬರು ಪೇಚಿಗೆ ಬೀಳುವುದು ನಡೆದೇ ಇರುತ್ತದೆ.

ನಾನು ಇದನ್ನು ಗಮನಿಸತೊಡಗಿದ್ದು ಮಗಳಿಗೆ ಗಂಡು ನೋಡತೊಡಗಿದ ಮೇಲೆ. ಮಗಳು ಎಸ್.ಟಿ. ಅನ್ನುವ ಇಲ್ಲಿನ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಪರೀಕ್ಷೆ ಬರೆದು, ವರ್ಷಗಟ್ಟಲೆ ಕಾದು ಪಡೆದ ಕೆಲಸ. “ಅಪ್ಪಾ, ಹುಡುಗ ಹೆಂಗರೆ ಇರಲಿ, ಲಗ್ನ ಆದ ಮ್ಯಾಲ ಡ್ಯೂಟಿ ಬಿಡಂಗಿಲ್ಲ. ಇದು ಫೈನಲ್,” ಎಂದಳು. ಅವಳಿಗೆ ಆ ಶಬ್ದದ ಇಂಗ್ಲಿಷ್ ಅರ್ಥವೇ ಗೊತ್ತಿತ್ತು. ನನ್ನ ಚಿಂತೆ ಶುರುವಾದದ್ದು ಅಲ್ಲಿಂದ.

ಅಂಗಡಿಯಲ್ಲಿ

ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಸೀರೆ ತರಲು ಹೋದೆವು. ಅಂಗಡಿಯವನು ದರ ಹೇಳಿ, “ಅಕ್ಕಾ, ಇದು ಫೈನಲ್,” ಎಂದ. ನಾನು ಜೇಬಿಗೆ ಕೈ ಹಾಕಿದೆ. ಹೆಂಡತಿ ನನ್ನ ಮೊಣಕೈ ತಿವಿದಳು. “ತಡೀರಿ. ಇದು ಬರೇ ಫೈನಲ್. ಇನ್ನಾ ಲಾಸ್ಟ್ ಫೈನಲ್ ಬರಬೇಕು.”

ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಲಾಸ್ಟ್ ಫೈನಲ್ ಬಂತು. ಬಾಗಿಲು ದಾಟಿದಳು. ತಾಯಿಯ ಆಣೆಯ ಫೈನಲ್ ಬಂತು. ಆಮೇಲೆ ಒಳಗೆ ಬಂದು ಕೂತು ಚಹಾ ಕುಡಿದಳು. ಇಬ್ಬರಿಗೂ ಒಳ್ಳೆಯ ಆಟ ಆಡಿದ ಸಮಾಧಾನ.

ಎಲ್ಲಾ ಮುಗಿದ ಮೇಲೆ ನಾನು ಅಂಗಡಿಯವನನ್ನು ಕೇಳಿದೆ: “ಮೊದಲಿಗೇ ಈ ದರ ಹೇಳಿದ್ರ ಏನಾಗ್ತಿತ್ತೋ?”

“ಏನಾಗ್ತಿತ್ರಿ ಅಣ್ಣಾ, ಅಕ್ಕಾರು ತಗೋತಿದ್ದಿಲ್ಲ. ಎದ್ದು ಹೋಗಾಕ ಜಾಗಾನ ಇರ್ತಿದ್ದಿಲ್ಲಲ್ಲ,” ಎಂದ.

ಕಾರ್ಖಾನೆಯಲ್ಲಿ

ನಾನು ಊರ ಹೊರಗಿನ ಚಿಂಚೋಳಿ ಕೈಗಾರಿಕಾ ಪ್ರದೇಶದ ಒಂದು ಚಾದರ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸುಪರ್ವೈಸರ್. ಕಳೆದ ವರ್ಷ ಚೆನ್ನೈ ಕಡೆಯ ಒಬ್ಬ ಮ್ಯಾನೇಜರ್ ಬಂದರು. ಪಾಪ, ಬಹಳ ಶಿಸ್ತಿನ ಮನುಷ್ಯ. ಒಬ್ಬ ಹಳೆಯ ವ್ಯಾಪಾರಿ ಬಂದು ಚಾದರದ ಅಂಚಿಗೆ ಕೆಂಪು ಬಣ್ಣ ಫೈನಲ್ ಎಂದು ಹೇಳಿ ಹೋದ. ಮ್ಯಾನೇಜರ್ ಆ ಸಂಜೆಯೇ ಮಗ್ಗಗಳಿಗೆಲ್ಲ ಕೆಂಪು ನೂಲು ಏರಿಸಿಬಿಟ್ಟರು. ನಾನು “ಸಾಹೇಬ್, ಒಂದೆರಡು ದಿನ ತಡೀರಿ,” ಎಂದು ಹೇಳಿ ನೋಡಿದೆ. ಕೇಳಲಿಲ್ಲ.

ವ್ಯಾಪಾರಿ ಮರಳಿ ಬಂದ. ಕೆಂಪು ಅಂಚಿನ ರಾಶಿ ನೋಡಿ ತಲೆಗೆ ಕೈ ಹಚ್ಚಿಕೊಂಡ. ಅವನ ಮನೆಯವರಿಗೆ ಈಗ ಹಸಿರು ಹಿಡಿಸಿತ್ತು.

“ನೀವೇ ಫೈನಲ್ ಅಂದ್ರಿ,” ಎಂದರು ಮ್ಯಾನೇಜರ್, ನನ್ನ ಮೂಲಕ.

“ಫೈನಲ್ ಅಂದೀನಿ, ಇಲ್ಲಂದಿಲ್ಲ. ಚಾಲೂ ಮಾಡ್ರಿ ಅಂದೀನೇನು?”

ಮ್ಯಾನೇಜರ್ ಮೂರು ದಿನ ನನ್ನ ಜೊತೆಗೂ ಮಾತಾಡಲಿಲ್ಲ. ಆದರೆ ಮನುಷ್ಯ ಬೇಗ ಕಲಿತರು. ಮೊನ್ನೆ ಅವರ ಊರಿನ ಕಡೆಗೇ ವರ್ಗವಾಗಿದೆ ಎಂದು ಹೆಡ್ ಆಫೀಸಿನಿಂದ ಫೋನು ಬಂತು. ಫೈನಲ್ ಎಂದೂ ಹೇಳಿದರಂತೆ. ಸಾಹೇಬರು ಫೋನಿನಲ್ಲೇ ಕೇಳಿದರು: “ಬರೀ ಫೈನಲ್ಲಾ, ಇಲ್ಲಾ ಸಾಮಾನು ಕಟ್ಟಬಹುದಾ?”

ಬಸ್ಸಿನಲ್ಲಿ

ಇದು ಮಗಳು ಹೇಳಿದ್ದು. ಎಸ್.ಟಿ.ಯಲ್ಲಿ ಅರವತ್ತೈದು ತುಂಬಿದವರಿಗೆ ಅರ್ಧ ಟಿಕೀಟು, ಎಪ್ಪತ್ತೈದು ತುಂಬಿದವರಿಗೆ ಟಿಕೀಟೇ ಬೇಕಿಲ್ಲ. ಅಕ್ಕಲಕೋಟದಲ್ಲಿ ಹತ್ತಿದ ಒಬ್ಬ ಮುದುಕ, “ಎಪ್ಪತ್ತೈದು,” ಎಂದು ಹೇಳಿ ಕಿಟಕಿಯ ಕಡೆ ಮುಖ ಮಾಡಿದ. ಆಧಾರ್ ಕಾರ್ಡು ಕೇಳಿದರೆ ಅದರಲ್ಲಿ ಇನ್ನೂ ಮೂರು ವರ್ಷ ಕಡಿಮೆ.

“ಅದು ಕಾರ್ಡಿನ ವಯಸ್ಸವ್ವಾ. ಅಂದಾಜಿಲೆ ಬರಕೊಂಡಾರ. ನಂದು ಫೈನಲ್ ವಯಸ್ಸು ಎಪ್ಪತ್ತೈದು.”

ಮಗಳು ಅರ್ಧ ಟಿಕೀಟು ಹರಿದು ಕೈಗೆ ಕೊಟ್ಟಳು. “ಅಜ್ಜಾ, ಬಸ್ಸಿನ್ಯಾಗ ಕಾರ್ಡಿನ ವಯಸ್ಸೇ ನಡೀತದ. ಫೈನಲ್ ವಯಸ್ಸು ಮನ್ಯಾಗ ಇಟ್ಟು ಬರ್ರಿ.” ಮುದುಕ ಗೊಣಗುತ್ತ ಟಿಕೀಟು ತಗೊಂಡ.

ಸ್ವಲ್ಪ ಮುಂದೆ ಒಬ್ಬ ಹೆಂಗಸು ಹತ್ತಿದಳು. ಮುದುಕನ ಪಕ್ಕದಲ್ಲಿದ್ದ ತರುಣನಿಗೆ, “ತಮ್ಮಾ, ಏಳು. ಇಂಥಾ ಮುದುಕರ ಬಾಜೂಕ ನಾನರೆ ಕುಂಡ್ರತೀನಿ, ಏನರೆ ಬೇಕಾದ್ರ ನೋಡ್ಕೋತೀನಿ,” ಎಂದಳು.

ಮುದುಕನಿಗೆ ಅದು ಸೇರಲಿಲ್ಲ. ಎದ್ದು ನಿಂತು ಸೀಟು ಬಿಟ್ಟುಕೊಟ್ಟ. “ನೀ ಕುಂಡ್ರವ್ವಾ. ನನಗ ಇನ್ನಾ ಅರವತ್ತೈದು.”

ಬೀಗರ ಮನೆಯಲ್ಲಿ

ಕೊನೆಗೆ ಅಕ್ಕಲಕೋಟದ ಒಂದು ಸಂಬಂಧ ಕೂಡಿ ಬಂತು. ಹುಡುಗನಿಗೆ ಮೋಟರ್ ಸೈಕಲ್ ಸಾಮಾನಿನ ಅಂಗಡಿ. ನಮ್ಮ ಹಾಗೆಯೇ ಕುರಿ ಸಾಕಿದ ಮನೆತನ, ಬೀರೋಬಾ ದೇವರ ಒಕ್ಕಲು. ಹುಡುಗ ನನ್ನ ಮಗಳಿಗೂ ಮನಸ್ಸಿಗೆ ಬಂದಿದ್ದ. ಅವಳು ತನ್ನ ಡ್ಯೂಟಿಯ ಮಾತು ಹೇಳಿದಾಗ, “ನಂದೇನೂ ಇಲ್ಲ, ಮಾಡು. ಆದ್ರ ಅವ್ವಗ ನೀನೇ ಹೇಳು,” ಎಂದಿದ್ದನಂತೆ.

ಅವ್ವ ಅಂದರೆ ಸಾಮಾನ್ಯದ ಹೆಂಗಸಲ್ಲ. ಗಂಡ ಮನೆಯಲ್ಲಿ ಇರುತ್ತಾನೆ, ಕುರಿ ಸಂತೆಗೆ ಹೋಗುವವಳು ಅವಳು. ನಾಲ್ಕು ಊರಿನ ದಲಾಲರು ಅವಳಿಗೆ ನಮಸ್ಕಾರ ಮಾಡಿ ದಾರಿ ಬಿಡುತ್ತಾರೆ. ಆಡಿದ ಮಾತು ಹಿಂದೆ ತಗೊಂಡದ್ದು ಯಾರೂ ಕಂಡಿಲ್ಲ.

ಮಾತು ಮುಗಿಸಲೆಂದು ನಾವು ಅವರ ಮನೆಗೆ ಹೋದೆವು. ನಮ್ಮ ಹಳ್ಳಿ ಬೋರಾಮಣಿಯಿಂದ ನನ್ನ ಅಪ್ಪನೂ ಬಂದಿದ್ದ. ಅವನು ಈಗಲೂ ಕುರಿ ಕಾಯುತ್ತಾನೆ, ಎಲ್ಲಿಗೆ ಹೋದರೂ ಹೆಗಲ ಮೇಲೆ ಕಂಬಳಿ ಇರಲೇಬೇಕು. ಬೀಗರ ಕಡೆ ಹಿರಿಯರೆಲ್ಲ ಜಮಖಾನೆಯ ಮೇಲೆ ಕೂತಿದ್ದರು. ಉಪ್ಪಿಟ್ಟು ಬಂತು, ಚಹಾ ಬಂತು. ಆಗ ಹುಡುಗನ ತಾಯಿ ಎಲ್ಲರ ಎದುರಿಗೆ ಹೇಳಿದಳು:

“ಹುಡುಗಿ ಚೊಲೊ ಅದಾಳ. ಆದ್ರ ಲಗ್ನ ಆದ ಮ್ಯಾಲ ಡ್ಯೂಟಿ ಬ್ಯಾಡ. ಸೊಸಿ ಮುಂಜಾನಿ ಎದ್ದು ಬಸ್ ಹತ್ತಿದ್ರ, ಮನಿಗಿ ಬಂದ ಮಂದಿಗಿ ಚಾ ಯಾರು ಮಾಡಬೇಕು? ಇದು ಫೈನಲ್.”

ನನ್ನ ಮಗಳು ತಲೆ ಎತ್ತಿದಳು. “ನೀವು ಸಂತಿಗಿ ಹೋದಾಗ ಯಾರು ಮಾಡ್ತಾರ್ರಿ?”

ಹುಡುಗನ ತಂದೆ ತನ್ನ ಕಪ್ಪಿನೊಳಗೆ ನೋಡಿದ. ಚಹಾ ಚೆನ್ನಾಗಿಯೇ ಆಗಿತ್ತು, ಮಾಡಿದ್ದು ಅವನೇ.

“ಡ್ಯೂಟಿ ಬಿಡಂಗಿಲ್ರಿ. ನಂದೂ ಫೈನಲ್,” ಎಂದಳು ಮಗಳು.

ಎರಡು ಫೈನಲ್‌ಗಳು ಎದುರುಬದುರು ನಿಂತವು. ಹಿರಿಯರ ಮುಂದೆ ಆಡಿದ ಮಾತನ್ನು ಇಬ್ಬರೂ ಹಿಂದೆ ತಗೊಳ್ಳುವ ಹಾಗಿಲ್ಲ. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಗಳು ಸರಿಯಾಗಿಯೇ ಹೇಳಿದ್ದಳು, ಆದರೆ ಮನಸ್ಸಿಗೆ ಬಂದ ಹುಡುಗ ಕೈತಪ್ಪುತ್ತಿದ್ದ. ಹುಡುಗ ಬಾಗಿಲ ಹತ್ತಿರ ನಿಂತು ತನ್ನ ಚಪ್ಪಲಿ ನೋಡುತ್ತಿದ್ದ. ನಾನು ಏಳೋಣ ಎಂದು ಅಪ್ಪನ ಕಡೆ ತಿರುಗಿದೆ.

ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆಯುತ್ತಿದ್ದ.

ಕುರಿ ಸಂತೆಯಲ್ಲಿ ಒಂದು ಪದ್ಧತಿ ಇದೆ. ಬಾಯಲ್ಲಿ ಯಾರೂ ದರ ಹೇಳುವುದಿಲ್ಲ. ಕೊಳ್ಳುವವರು, ಮಾರುವವರು ಬಟ್ಟೆಯ ಕೆಳಗೆ ಕೈ ಕೈ ಹಿಡಿದು ಬೆರಳು ಒತ್ತಿ ಲೆಕ್ಕ ಹೇಳುತ್ತಾರೆ. ಬಾಯಿ ಮೇಲೆ ಒಲ್ಲೆ ಅನ್ನುತ್ತಿದ್ದರೂ ಕೆಳಗೆ ಬೆರಳು ಏರಬಹುದು, ಇಳಿಯಬಹುದು. ಯಾರೂ ಕಾಣದ್ದರಿಂದ ಯಾರೂ ಸೋತ ಹಾಗಲ್ಲ.

ಅಪ್ಪ ಕಂಬಳಿಯನ್ನು ಇಬ್ಬರು ಹೆಂಗಸರ ನಡುವೆ ಹಾಸಿದ. “ಬಾಯಿಲೆ ಆಡೂದು ಆತು. ಇನ್ನ ಕೈಲೆ ಆಡ್ರಿ,” ಎಂದ.

ಕುರಿಯ ವ್ಯವಹಾರಕ್ಕೆ ಹಾಸುವ ಕಂಬಳಿ ಸೊಸೆಯ ಡ್ಯೂಟಿಗೆ ಹಾಸಿದ್ದು ಅದೇ ಮೊದಲು. ಆದರೂ ಅಲ್ಲಿದ್ದವರಿಗೆಲ್ಲ ಪದ್ಧತಿ ಗೊತ್ತು. ಹಿರಿಯರು ಗೋಡೆಯ ಕಡೆ, ಫ್ಯಾನಿನ ಕಡೆ ನೋಡತೊಡಗಿದರು. ಹುಡುಗನ ತಾಯಿ ಗಂಭೀರವಾಗಿ ಕಂಬಳಿಯೊಳಗೆ ಕೈ ಹಾಕಿದಳು. ನನ್ನ ಮಗಳೂ ಹಾಕಿದಳು.

ಕಂಬಳಿ ಒಮ್ಮೆ ಅಲುಗಿತು, ಆಮೇಲೆ ಸುಮ್ಮನಾಯಿತು. ಹುಡುಗನ ತಾಯಿಯ ಹುಬ್ಬು ಏರಿತು. ಸ್ವಲ್ಪ ಹೊತ್ತಿಗೆ ಹಣೆ ಗಂಟಾಯಿತು. ಕೈ ಎಳೆದುಕೊಳ್ಳಲು ನೋಡಿದಂತೆ ಭುಜ ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ನನ್ನ ಮಗಳ ಮುಖ ಟಿಕೀಟಿನ ಚಿಲ್ಲರೆ ಕೊಡುವಾಗ ಇರುವಷ್ಟೇ ನಿರ್ವಿಕಾರವಾಗಿತ್ತು. ಹುಡುಗನ ತಾಯಿ ಬಗ್ಗಿ ಅವಳ ಕಿವಿಯಲ್ಲಿ ಏನೋ ಅಂದಳು. ಕೈ ಹೊರಗೆ ತೆಗೆದು ಉಜ್ಜಿಕೊಂಡಳು, ನಮ್ಮ ಕಡೆ ತಿರುಗಿದಳು.

“ಡ್ಯೂಟಿ ಇರಲಿ. ಸಕ್ರಿ ತರ್ರಿ.”

ಹುಡುಗ ಸಕ್ಕರೆ ಡಬ್ಬಿ ತರಲು ಓಡಿದ. ಅವನು ಅಷ್ಟು ಚುರುಕಾಗಿ ನಡೆದದ್ದನ್ನು ನಾನು ಅಂದೇ ಕಂಡದ್ದು.

ಮರಳಿ ಬರುವಾಗ ಬಸ್ಸಿನಲ್ಲಿ ಅಪ್ಪ ಉಬ್ಬಿ ಹೋಗಿದ್ದ. “ಆಕಿ ಎಂಥೆಂಥಾ ದಲಾಲರನ್ನ ಬಗ್ಗಿಸ್ಯಾಳ. ನನ್ನ ಮೊಮ್ಮಗಳು ಆಕೀನ್ನ ಬಗ್ಗಿಸಿದಳು. ಏನು ಹಿಡದಿ ಹೇಳು, ಎಷ್ಟು ಬೆರಳು?”

ಮಗಳು ಕಿಟಕಿಯ ಹೊರಗೆ ನೋಡಿದಳು. “ಅಜ್ಜಾ, ನನಗ ಆ ಲೆಕ್ಕ ಎಲ್ಲಿ ಬರ್ತದ? ಅವರು ಎರಡು ಬೆರಳು ಒತ್ತಿದ್ರು. ನನಗ ಅಂಜಿಕಿ ಬಂತು. ಇಡೀ ಕೈಯೇ ಗಟ್ಟಿ ಹಿಡಕೊಂಡೆ, ಬಿಡಲಿಲ್ಲ.”

ಎರಡು ಬೆರಳು ಅಂದರೆ ಎರಡು ವರ್ಷ ಡ್ಯೂಟಿ ಮಾಡು ಎಂದಿರಬೇಕು. ಇಡೀ ಕೈ ಹಿಡಿದರೆ ಪೂರಾ ಬೇಕು ಎಂದಾಗುತ್ತದೆ. “ಲೆಕ್ಕ ಬರಂಗಿಲ್ಲ ಅಂತ ಅವರ ಮುಂದ ಎಂದೂ ಹೇಳಬ್ಯಾಡ,” ಎಂದೆ.

“ಅವರಿಗಿ ಗೊತ್ತಾಗೇ ಅದ ಅಪ್ಪಾ.”

“ಮತ್ತ ಕಿವ್ಯಾಗ ಏನಂದ್ರು?”

“‘ಲೆಕ್ಕ ನಿನಗ ಬರಂಗಿಲ್ಲ ಮಗಳ, ಕಲಸ್ತೀನಿ. ಆದ್ರ ಹಿಡಿತ ಚೊಲೊ ಅದ, ಬಸ್ಸಿನ್ಯಾಗ ಬೀಳಂಗಿಲ್ಲ ನೀ. ಈಗರೆ ಕೈ ಬಿಡು, ನಾಳಿ ನನಗ ಸಂತಿ ಅದ,’ ಅಂದ್ರು.”